ಎರಡು ಟ್ಯೂಬಿನಲ್ಲಿ ಒಂದೇ ರಕ್ತ

"ಇಲ್ಲಿ ನೋಡು ಐಸಣ್ಣ, ಬಲಗೈ," ಎಂದು ಜರಡಿ ಮೇಡಂ ಹಳೆಯ ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಹನ್ನೊಂದು ಜನ ರಕ್ತ ಕೊಟ್ಟಿದಾರೆ. ಹತ್ತು ಜನಕ್ಕೆ ಎಡಗೈ. ಏಳನೇ ನಂಬರಿಗೆ ಮಾತ್ರ ಬಲಗೈ. ಯಾಕೆ?"

ಐಸಣ್ಣ ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಮೂವತ್ತೆಂಟು ವರ್ಷದಿಂದ ಆ ಪ್ರಯೋಗಾಲಯದ ಫ್ರೀಜರುಗಳನ್ನು ಕಾಯುತ್ತಿದ್ದವನು ಅವನು. ಸ್ವಂತ ಹೆಸರು ಈಗ ಹಾಜರಿ ಪುಸ್ತಕಕ್ಕಷ್ಟೇ ನೆನಪಿತ್ತು. ಜರಡಿ ಎಂಬುದೂ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರ ಸಂಶೋಧನೆ ಕೈಗೆ ಬಂದರೂ ಜರಡಿ ಹಿಡಿದು ಕಸ ತೆಗೆಯುತ್ತಾರೆಂದು ಕಿರಿಯರು ಬೆನ್ನ ಹಿಂದೆ ಕರೆದದ್ದು. ಗೊತ್ತಾದ ದಿನ ಅವರೇ ನಕ್ಕಿದ್ದರು, ಹಿಟ್ಟಿನಲ್ಲಿ ಹುಳ ಇಲ್ಲದಿದ್ದರೆ ಜರಡಿಗೇನು ಕೆಲಸ ಎಂದು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಕೆಲಸ ಇನ್ನೂ ತಪ್ಪಿರಲಿಲ್ಲ.

ಹಿಂದಿನ ದಿನ ಹೊರಗಿನ ಪ್ರಯೋಗಾಲಯದಿಂದ ಬಂದ ಮೊದಲ ವರದಿ ಒಂದೇ ಮಾತು ಹೇಳಿತ್ತು: ಐದನೇ ಟ್ಯೂಬಿನಲ್ಲೂ ಏಳನೇ ಟ್ಯೂಬಿನಲ್ಲೂ ಇರುವುದು ಒಬ್ಬರದೇ ರಕ್ತ.

ಐದು ಎಂದರೆ ಗಡಿಯಾರ ರಿಪೇರಿಯವರ ಹೆಂಡತಿ. ಏಳು ಎಂದರೆ ಆಕೆಯ ಚಿಕ್ಕ ಮಗಳು, ಆಗ ಹನ್ನೆರಡು ವರ್ಷದವಳು. ತಾಯಿಯ ರಕ್ತ ಮಗಳ ರಕ್ತವನ್ನು ಅರ್ಧ ಹೋಲುತ್ತದೆ. ಪೂರ್ತಿ ಹೋಲುವುದಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ ಪ್ರೊಫೆಸರರು ಪ್ರಕಟಿಸಿದ ಪ್ರಬಂಧ ಈ ಹನ್ನೊಂದು ಟ್ಯೂಬುಗಳ ಮೇಲೆಯೇ ನಿಂತಿತ್ತು. ಆ ಮನೆತನದಲ್ಲಿ ಮೂವತ್ತು ದಾಟಿದವರಿಗೆ ಮೊದಲು ಸಂಜೆಯ ಬೆಳಕು ಮಂಕಾಗುತ್ತಿತ್ತು, ಆಮೇಲೆ ಹಗಲೂ ಕತ್ತಲಾಗುತ್ತಿತ್ತು. ವಂಶವಾಹಿಯ ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ಹೀಗಾಗುತ್ತಿದೆ ಎಂದು ಪ್ರೊಫೆಸರರು ಬರೆದರು. ಕಣ್ಣಿನ ಡಾಕ್ಟರು ರೋಗಿಗಳೆಂದು ಗುರುತಿಸಿದ ಆರು ಜನರಲ್ಲೂ ಆ ತಪ್ಪು ಅಕ್ಷರ ಇತ್ತು, ಉಳಿದ ಐವರಲ್ಲಿ ಇರಲಿಲ್ಲ. ಆರಕ್ಕೆ ಆರು. ಎಲ್ಲರೂ ಬೆರಗಾಗಿ ನೋಡಿದ ಪ್ರಬಂಧ ಅದು.

ಆಮೇಲೆ ಬೇರೆ ಬೇರೆ ಕಡೆ ಮೂರು ತಂಡಗಳು ಇಂಥದೇ ಮನೆತನಗಳಲ್ಲಿ ಆ ಅಕ್ಷರವನ್ನು ಹುಡುಕಿದವು. ಯಾರಿಗೂ ಸಿಗಲಿಲ್ಲ. ಕಳೆದ ವರ್ಷ ಪ್ರೊಫೆಸರರೇ ಪತ್ರಿಕೆಗೆ ಕೈಬರಹದಲ್ಲಿ ಕಾಗದ ಹಾಕಿದರು: ನನ್ನ ಫಲಿತಾಂಶವನ್ನು ನಾನೇ ಮತ್ತೆ ಸಾಬೀತು ಮಾಡಲಾರೆ, ದಯವಿಟ್ಟು ಪ್ರಬಂಧವನ್ನು ವಾಪಸು ತೆಗೆಯಿರಿ. ಸಂಪಾದಕರು ಒಪ್ಪಿದರು. ಆದರೆ ವಾಪಸಿನ ಪ್ರಕಟಣೆಯಲ್ಲಿ ಕಾರಣದ ಸಾಲೊಂದು ಬೇಕಿತ್ತು. ತಪ್ಪೋ, ಮೋಸವೋ? ಆ ಒಂದು ಸಾಲಿಗಾಗಿ ಅವರು ಜರಡಿ ಮೇಡಂ ಅವರನ್ನು ಕಳಿಸಿದ್ದರು.

ಪ್ರೊಫೆಸರರು ಜರಡಿ ಮೇಡಂಗೆ ಗುರುಗಳು. ಅದನ್ನು ಅವರು ಸಂಪಾದಕರಿಗೆ ಮೊದಲೇ ಹೇಳಿಬಿಟ್ಟಿದ್ದರು.

ಅನುಮಾನಕ್ಕೆ ಇನ್ನಿಬ್ಬರಿದ್ದರು. ಒಬ್ಬ, ಆಗ ವಿದ್ಯಾರ್ಥಿಯಾಗಿದ್ದು ಅಂಕಿ ಅಂಶ ಹಾಕಿಕೊಟ್ಟು, ಈಗ ದೊಡ್ಡ ಸಂಸ್ಥೆಯೊಂದರ ಡೈರೆಕ್ಟರ್ ಆಗಿರುವವನು. ಬೆಳಿಗ್ಗೆ ಫೋನ್ ಮಾಡಿ, ಹೂತ ಹೆಣ ಯಾಕೆ ಅಗೀತೀರಿ ಮೇಡಂ ಎಂದಿದ್ದ. ರಕ್ತ ತೆಗೆದದ್ದು, ಲೇಬಲ್ ಹಚ್ಚಿದ್ದು, ಫ್ರೀಜರಿನಲ್ಲಿಟ್ಟದ್ದು ಎಲ್ಲ ಐಸಣ್ಣನೇ ಎಂದು ನೆನಪಿಸಲೂ ಮರೆತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ಆತ. ಪಕ್ಕದವನ ಹೆಗಲು ತೋರಿಸುವ ಪೈಕಿ.

ಇನ್ನೊಬ್ಬ ಈಗ ಎದುರಿಗೆ ನಿಂತು ಕೈಗವಸು ಬಿಚ್ಚುತ್ತಿದ್ದ.

ಜರಡಿ ಮೇಡಂ ರಿಜಿಸ್ಟರನ್ನು ಅವನ ಕಡೆ ತಿರುಗಿಸಿ, ತಮಗೆ ಹೊಳೆದದ್ದನ್ನು ಹೇಳಿದರು. ಮಗು ಬರಲಿಲ್ಲ, ಕೆಲಸ ಮುಗಿದರೆ ಸಾಕು ಎಂದು ಸೋಮಾರಿಯೊಬ್ಬ ಮೋಸ ಮಾಡುವುದಾದರೆ ತಾಯಿಗೆ ಒಂದೇ ಸಲ ಚುಚ್ಚಿ ಎರಡು ಟ್ಯೂಬು ತುಂಬಿಕೊಳ್ಳುತ್ತಾನೆ. ಮತ್ತೊಮ್ಮೆ ಕೂರಿಸಿ, ಇನ್ನೊಂದು ಕೈಗೆ ಚುಚ್ಚುವ ಕಷ್ಟ ಅವನಿಗೆ ಬೇಡ. ಚುಚ್ಚಿದ ಮೇಲೆ ಬಲಗೈ ಎಂದು ಬರೆದಿಡುವುದಂತೂ ಬೇಡವೇ ಬೇಡ.

"ಸುಳ್ಳು ಮಾಡಿದವನು ಅಷ್ಟು ನಿಜ ಯಾಕೆ ಬರೆದಿಟ್ಟ?"

ಐಸಣ್ಣ ಕೈಗವಸನ್ನು ಮಡಚಿ ಜೇಬಿಗೆ ಹಾಕಿಕೊಂಡ. "ನಂಬರು ಸುಳ್ಳು ಬರೆದಾಗಿತ್ತು. ಕೈನೂ ಸುಳ್ಳು ಬರೆಯೋಕೆ ಮನಸ್ಸು ಬರ್ಲಿಲ್ಲ, ಮೇಡಂ."

"ಯಾಕೆ ಮಾಡ್ದೆ?"

"ಅದು ನನ್ನ ಬಾಯಿಂದ ಬೇಡ. ಆ ಅಮ್ಮನ್ನೇ ಕೇಳಿ." ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಸೇರಿಸಿದ. "ಮೆತ್ತಗೆ ಕೇಳಿ."

*

ಗಡಿಯಾರದ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಒಂದು ಕಡೆ ಬೀಗದ ಅಂಗಡಿ, ಇನ್ನೊಂದು ಕಡೆ ಫೋಟೋಗೆ ಕಟ್ಟು ಹಾಕುವ ಅಂಗಡಿ. ನಡುವೆ ಬಾಗಿಲಿನಷ್ಟೇ ಅಗಲದ ಈ ಜಾಗ. ಒಳಗೆ ಮೇಜಿನ ಮುಂದೆ ಕೂತಿದ್ದ ಹೆಂಗಸು ಕಣ್ಣಿಗೆ ಕರೀ ಬಟ್ಟೆ ಕಟ್ಟಿಕೊಂಡು ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿದ್ದಳು.

ಜರಡಿ ಮೇಡಂ ಹೊಸಿಲಲ್ಲೇ ನಿಂತರು.

"ಕೂತ್ಕೊಳ್ಳಿ, ಒಂದೇ ನಿಮಿಷ," ಎಂದಳು ಅವಳು, ತಲೆಯೆತ್ತದೆ. ಎಡಗೈ ಬೆರಳ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಸ್ಕ್ರೂ ಇತ್ತು. ಬಲಗೈಯ ಚಿಮಟ ಅದನ್ನು ಹುಡುಕಿ, ಎತ್ತಿ, ಅದರ ಗೂಡಿಗೆ ಇಳಿಸಿತು. ಆಮೇಲೆ ಅವಳು ಬಟ್ಟೆ ಬಿಚ್ಚಿ, ಬಂದವರು ಯಾರೆಂದು ನೋಡಿ ಎದ್ದು ನಿಂತಳು.

ಗಡಿಯಾರದವರ ದೊಡ್ಡ ಮಗಳು. ವಯಸ್ಸು ನಲವತ್ತು. ನಾಲ್ಕನೇ ಟ್ಯೂಬು ಅವಳದು. ರಕ್ತದ ಮರುಪರೀಕ್ಷೆಗೆ ಒಪ್ಪಿಗೆ ಕೊಟ್ಟು ಮನೆಯವರೆಲ್ಲರ ಸಹಿ ಹಾಕಿಸಿ ಕಳಿಸಿದ್ದವಳೂ ಅವಳೇ.

ಬಟ್ಟೆಯ ವಿಷಯ ಕೇಳಿದ್ದಕ್ಕೆ ಅವಳು ಯಾವ ಬಿಂಕವೂ ಇಲ್ಲದೆ ಹೇಳಿದಳು. ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆಗ ದಿನಾ ಅರ್ಧ ಗಂಟೆ ಹೀಗೆ ಅಭ್ಯಾಸ. ಹತ್ತೊಂಬತ್ತನೇ ವಯಸ್ಸಿನಿಂದ ಒಂದು ದಿನವೂ ತಪ್ಪಿಸಿಲ್ಲ. ರಕ್ತ ತೆಗೆದ ಶಿಬಿರದಲ್ಲಿ ಕಣ್ಣಿನ ಡಾಕ್ಟರು ಅವಳ ಚೀಟಿಯ ಮೇಲೆ 'ಶುರುವಿನ ಲಕ್ಷಣ' ಎಂದು ಬರೆದಿದ್ದರು, ಮೂರು ವಾರದ ಮೇಲೆ ರಕ್ತವೂ ಅದನ್ನೇ ಹೇಳಿತು. ಕಣ್ಣು ಹೋಗುವ ಮೊದಲೇ ಕೈ ಕೆಲಸ ಕಲಿತಿರಬೇಕು ಎಂದು ಅಪ್ಪ ಈ ಬಟ್ಟೆ ಕಟ್ಟಿದ್ದರು. ಅವರು ಪೂರ್ತಿ ಕುರುಡಾದ ಮೇಲೂ ಎರಡು ವರ್ಷ ಬರೀ ಕೈಯಲ್ಲಿ ಅಂಗಡಿ ನಡೆಸಿದವರು. ತೀರಿಕೊಂಡು ಆರು ವರ್ಷ.

ಜರಡಿ ಮೇಡಂ ಮೇಜಿನ ಮೇಲಿದ್ದ ಗಡಿಯಾರದ ಒಳಮುಚ್ಚಳವನ್ನು ಎತ್ತಿಕೊಟ್ಟು, ಅದರಲ್ಲಿ ಏನು ಬರೆದಿದೆ ಎಂದು ಕೇಳಿದರು. ಅವಳು ಅದನ್ನು ದೀಪದಿಂದ ದೂರ, ಮೇಜಿನ ನೆರಳಿನಲ್ಲೇ ಹಿಡಿದು, ಭೂತಗಾಜಿಲ್ಲದೆ ಹದಿಮೂರು ಅಂಕಿಗಳನ್ನು ಓದಿದಳು. ಜರಡಿ ಮೇಡಂ ಎರಡು ಕನ್ನಡಕ ಬದಲಾಯಿಸಿ ನೋಡಿದರು. ಅವರಿಗೆ ಕಂಡದ್ದು ಒಂದು ಗೀರು.

ನಲವತ್ತಕ್ಕೆ ಇವಳ ತಂದೆಗೆ ಸಂಜೆಯಾದರೆ ಬೀದಿ ಕಾಣುತ್ತಿರಲಿಲ್ಲ. ಅದನ್ನು ಅವರು ಮನಸ್ಸಿನ ಒಂದು ಮೂಲೆಯಲ್ಲಿಟ್ಟುಕೊಂಡರು.

ಪಕ್ಕದ ಅಂಗಡಿಯಿಂದ ಕೀಲಿಗೆ ಅರ ಉಜ್ಜುವ ಸದ್ದು ಬರುತ್ತಿತ್ತು. ಬೀಗದ ಅಂಗಡಿಯವನು ಇವಳನ್ನು ಮೂರು ಸಲ ಮದುವೆಯಾಗೆಂದು ಕೇಳಿದ್ದನಂತೆ. ಕುರುಡಿಯ ಕೈ ಹಿಡಿದು ನಡೆಸುವ ಕೆಲಸ ಅವನಿಗೆ ಬೇಡವೆಂದು ಇವಳು ಮೂರು ಸಲವೂ ಆಗದು ಎಂದಳು. ಅವನು ಬೇರೆ ಮದುವೆಯೂ ಆಗಲಿಲ್ಲ, ಅಂಗಡಿಯನ್ನೂ ಬದಲಿಸಲಿಲ್ಲ.

"ಎಲ್ಲಾ ಬೀಗಕ್ಕೂ ಕೀಲಿ ಮಾಡ್ತಾನೆ, ನನ್ನ ಅಪ್ಪನ ಮನೆ ಹಟ ಒಂದು ಬಿಟ್ಟು," ಎಂದು ನಕ್ಕು, ಅವಳು ಹಿಂದಿನ ಕೋಣೆಯ ಪರದೆ ಸರಿಸಿದಳು. "ಅಮ್ಮ ಒಳಗಿದಾಳೆ. ನಾನು ಟೀ ತರ್ತೀನಿ."

*

ಕೋಣೆಯಲ್ಲಿದ್ದ ಮೇಜಿನ ನಾಲ್ಕು ಮೂಲೆಗೂ ಹಳೇ ಬಟ್ಟೆ ಸುತ್ತಿ ಹೊಲಿದಿತ್ತು. ಮಂಚದಿಂದ ಹಿತ್ತಿಲ ಬಾಗಿಲಿನವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ. ಕುರ್ಚಿಗಳ ಕಾಲಿನ ಸುತ್ತ ನೆಲದ ಮೇಲೆ ಗುರುತು ಕೊರೆದಿತ್ತು. ಗಂಡ ಹೋಗಿ ಆರು ವರ್ಷವಾದರೂ ಒಂದು ವಸ್ತುವೂ ಜಾಗ ಬಿಟ್ಟು ಕದಲಿರಲಿಲ್ಲ. ಬದಲಾಗಿದ್ದದ್ದು ದೀಪಗಳು ಮಾತ್ರ. ಅಷ್ಟು ಸಣ್ಣ ಕೋಣೆಗೆ ಮೂರು ಹೊಸ ಬಲ್ಬು ಹಾಕಿ, ಹಗಲಲ್ಲೂ ಉರಿಸಿದ್ದರು.

ತಾಯಿ ಕಿಟಕಿಯ ಬಳಿ ಕೂತು ಬಸ್ ಡ್ರೈವರಿನ ನೀಲಿ ಜಾಕೆಟ್ಟಿಗೆ ಗುಂಡಿ ಹಚ್ಚುತ್ತಿದ್ದಳು. ಜಾಕೆಟ್ಟು ಚಿಕ್ಕ ಮಗಳು ಪುಟ್ಟಿಯದು. ಪುಟ್ಟಿಗೆ ಈಗ ಮೂವತ್ತಮೂರು; ಒಂಬತ್ತು ವರ್ಷದಿಂದ ಊರೊಳಗಿನ ಬಸ್ಸು ಓಡಿಸುತ್ತಿದ್ದಳು.

ಜರಡಿ ಮೇಡಂ ಕುರ್ಚಿಯನ್ನು ಎಳೆದುಕೊಳ್ಳದೆ ಅದು ಇದ್ದಲ್ಲೇ ಕೂತರು. ಪ್ರಬಂಧ ವಾಪಸು ಹೋಗುತ್ತಿದೆ, ಪ್ರೊಫೆಸರರೇ ಕೇಳಿಕೊಂಡಿದ್ದಾರೆ ಎಂದು ತಿಳಿಸಿದರು. ಆಕೆ ತಲೆಯಾಡಿಸಿದಳು. ಒಳ್ಳೇ ಮನುಷ್ಯ, ಗಂಡನ ಕೈ ಹಿಡಿದು ಮೆಟ್ಟಿಲು ಇಳಿಸಿದವರು ಎಂದಳು.

ಐಸಣ್ಣ ಹೇಳಿದ್ದು ನೆನಪಿತ್ತು. ಆದರೆ ಕೆಲವು ಮಾತನ್ನು ಎಷ್ಟು ಮೆತ್ತಗೆ ಕೇಳಿದರೂ ಅದು ಚುಚ್ಚಿಯೇ ಚುಚ್ಚುತ್ತದೆ.

"ಅಕ್ಕಾ, ಆ ದಿನ ನೀವು ಎಷ್ಟು ಸಲ ರಕ್ತ ಕೊಟ್ರಿ?"

ಸೂಜಿ ಗುಂಡಿಯ ತೂತಿನಲ್ಲೇ ನಿಂತಿತು.

"ಐಸಣ್ಣ ಬಾಯಿ ಬಿಟ್ನಾ?"

"ಇಲ್ಲ. ಅವನು ಬರೆದಿಟ್ಟ ಪುಸ್ತಕ ಬಾಯಿ ಬಿಡ್ತು."

ತಾಯಿ ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಜಾಕೆಟ್ಟಿನ ಅಂಚಿಗೆ ಸಿಕ್ಕಿಸಿದಳು. ಇಪ್ಪತ್ತೊಂದು ವರ್ಷ ಕಾದಿಟ್ಟ ಮಾತನ್ನು ಹೇಳಲು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಶಾಲೆಯ ಬೆಂಚುಗಳಿಂದ ಶುರು ಮಾಡಿದಳು.

ಶಿಬಿರ ನಡೆದದ್ದು ಒಂದು ಶಾಲೆಯಲ್ಲಿ. ಮನೆತನದವರೆಲ್ಲ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಸಾಲಾಗಿ ಕೂತಿದ್ದರು. ಗಂಡ ಮೂರನೆಯವರು. ಅವರ ಹಿಂದೆಯೇ ದೊಡ್ಡವಳು. ಐದನೆಯವಳಾಗಿ ತಾನು ಕೊಟ್ಟು ಬಂದು, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದಾಗ ಪುಟ್ಟಿ ಮಡಿಲಿಗೆ ಮುಖ ತೂರಿಸಿ ಅಳಲು ಶುರು ಮಾಡಿದಳು. ಸೂಜಿಗೆ ಹೆದರಿದಳೆಂದು ಎಲ್ಲರೂ ನಕ್ಕರು.

"ಸೂಜಿಗಲ್ಲ ಅವಳು ಅತ್ತಿದ್ದು. ನನ್ನ ಕಿವೀಲಿ ಕೇಳಿದ್ಲು, ಇದ್ರಲ್ಲಿ ಇದೆ ಅಂತ ಬಂದ್ರೆ ನಾನೂ ಅಪ್ಪನ ಥರ ಗೋಡೆ ಹಿಡ್ಕೊಂಡು ನಡೀಬೇಕಾ ಅಂತ. ಹನ್ನೆರಡು ವರ್ಷದ ಮಗು ಕೇಳೋ ಮಾತಾ ಅದು?"

ಆರನೆಯವರು, ಗಂಡನ ತಮ್ಮ, ಒಳಗೆ ಹೋಗಿ ಬರುವಷ್ಟರಲ್ಲಿ ಆಕೆ ತೀರ್ಮಾನ ಮಾಡಿಯಾಗಿತ್ತು. ಪುಟ್ಟಿಯನ್ನು ಕರೆದುಕೊಂಡು, ರಕ್ತ ತೆಗೆಯಲು ಮರೆಗೆ ನಿಲ್ಲಿಸಿದ್ದ ತಡಿಕೆಯ ಹಿಂದೆ ಹೋಗಿ, ಇವಳ ಬದಲು ನನ್ನದೇ ಇನ್ನೊಂದು ಸಲ ತೆಗಿ ಎಂದು ಐಸಣ್ಣನ ಮುಂದೆ ಬಲಗೈ ಚಾಚಿ ಕೂತುಬಿಟ್ಟಳು. ಅವನು ಆಗೋದಿಲ್ಲ ಎಂದ, ಕೆಲಸ ಹೋಗುತ್ತದೆ ಎಂದ. ಆಕೆ ಕೈ ಮಡಚಲಿಲ್ಲ. ಅವನಿಗೂ ಮನೆಯಲ್ಲಿ ಅದೇ ಪ್ರಾಯದ ಮಗಳಿದ್ದಳು. ಕೊನೆಗೆ ಪುಟ್ಟಿಯ ತೋಳಿಗೆ ಬರೀ ಒಂದು ಹತ್ತಿ ಅಂಟಿಸಿ, ಜಾಣೆ, ಮುಗೀತು ನೋಡು ಎಂದು ಹೊರಗೆ ಕಳಿಸಿದ.

ಮೂರು ವಾರದ ಮೇಲೆ ಚೀಟಿ ಬಂತು. ದೊಡ್ಡವಳಿಗೆ ಇದೆ, ಚಿಕ್ಕವಳಿಗೆ ಇಲ್ಲ.

"ಚಿಕ್ಕವಳ ಚೀಟೀಲಿ ಇದ್ದದ್ದು ನನ್ನ ರಕ್ತ ಅಂತ ನನಗೆ ಗೊತ್ತಿತ್ತು. ಅವಳಿಗೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಹೆದರಿಕೆ ಇಲ್ಲದ ಒಂದಷ್ಟು ವರ್ಷ, ಅದೊಂದೇ ನಾನು ಅವಳಿಗೆ ಕೊಟ್ಟ ಆಸ್ತಿ."

ಆ ಆಸ್ತಿಯನ್ನು ಪುಟ್ಟಿ ಧಾರಾಳವಾಗಿ ಅನುಭವಿಸಿದಳು. ಮರ ಹತ್ತಿದಳು, ಕೆರೆ ಈಜಿದಳು, ಗಂಡುಮಕ್ಕಳನ್ನೂ ಹಿಂದೆ ಹಾಕಿ ಬಸ್ಸಿನ ಲೈಸೆನ್ಸು ತೆಗೆದುಕೊಂಡಳು. ಕಣ್ಣಿನ ಮಾತು ಬಂದಾಗಲೆಲ್ಲ ಅಕ್ಕನನ್ನು ತಬ್ಬಿಕೊಂಡು, ನನ್ನ ಎರಡರಲ್ಲಿ ಒಂದು ನಿನಗೆ ಎನ್ನುತ್ತಿದ್ದಳು.

ಈಗ ಎಂಟು ತಿಂಗಳಿಂದ ಅವಳು ಸಂಜೆ ಹೊತ್ತು ಮೇಜಿನ ಮೇಲಿನ ಲೋಟಕ್ಕೆ ತಡಕಾಡುತ್ತಾಳೆ. ಒಂದು ಮುಸ್ಸಂಜೆ ಬಸ್ಸಿನ ಕನ್ನಡಿ ಕಂಬಕ್ಕೆ ಸವರಿತು. ದಣಿವು ಎಂದಳು. ತಾಯಿ ಮರುದಿನ ಬಲ್ಬುಗಳನ್ನು ತರಿಸಿದಳು. ಸಂಜೆ ಒಬ್ಬಳೇ ಇರಲು ಭಯವಾಗುತ್ತದೆ ಎಂದು ಸುಳ್ಳು ಹೇಳಿ, ಅತ್ತು, ಅವಳು ಬೆಳಗಿನ ಪಾಳಿ ಹಾಕಿಸಿಕೊಳ್ಳುವಂತೆ ಮಾಡಿದಳು.

"ಬಸ್ಸಲ್ಲಿ ಐವತ್ತು ಜನ ಇರ್ತಾರೆ, ಅವರಿಗೂ ತಾಯಂದಿರಿದಾರೆ. ಗೊತ್ತು ನನಗೆ. ಸುಳ್ಳಿಗೆ ಸುಳ್ಳು ತೇಪೆ ಹಾಕಿ ಹಾಕಿ ಇನ್ನು ಬಟ್ಟೇನೇ ಉಳಿದಿಲ್ಲ, ಮೇಡಂ."

ಪರದೆಯ ಆಚೆ ಟೀ ಲೋಟಗಳು ಒಂದಕ್ಕೊಂದು ತಗುಲಿದ ಸದ್ದಾಯಿತು. ದೊಡ್ಡವಳು ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಯಾರೂ ಕೇಳಲಿಲ್ಲ. ಟೀ ಮೇಲೆ ಕೆನೆ ಕಟ್ಟಿತ್ತು.

ಅವಳು ಒಳಗೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟು, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ," ಎಂದಳು ತಾಯಿ, ಮಗಳ ಮುಖ ನೋಡದೆ. "ನಾನು ಅದನ್ನೇ ಮಾಡಿದೆ ಕಣೇ."

ದೊಡ್ಡವಳು ಜಾಕೆಟ್ಟನ್ನು ತಾಯಿಯ ಮಡಿಲಿನಿಂದ ಎತ್ತಿ, ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. ಪುಟ್ಟಿಯ ಕಣ್ಣಿನ ವಿಷಯ ತನಗೂ ಅನುಮಾನವಿತ್ತು ಎಂದಳು. ಅವಳನ್ನು ಕೂರಿಸಿ ತಾನೇ ಹೇಳುತ್ತೇನೆ, ಅಮ್ಮ ಹೇಳುವುದು ಬೇಡ ಎಂದಳು. ಇಷ್ಟೆಲ್ಲ ಹೇಳಿದ ಮೇಲೆ, ಕೇಳಬಾರದೆಂದುಕೊಂಡಿದ್ದ ಮಾತು ಬಾಯಿಂದ ಬಂದೇಬಿಟ್ಟಿತು.

"ನನಗ್ಯಾಕೆ ಮಾಡ್ಲಿಲ್ಲಮ್ಮ?"

"ನಿಂದು ಮುಗಿದುಹೋಗಿತ್ತು. ನೀನು ಯಾವತ್ತೂ ಮುಂದೆ ಹೋಗೋಳು. ಅಪ್ಪನ ಬೆನ್ನಿಗೇ ಹೋಗಿ ಕೊಟ್ಟು, ಹತ್ತಿ ಒತ್ಕೊಂಡು ನಗ್ತಾ ಬಂದೆ. ನನಗೆ ಬುದ್ಧಿ ಬರೋಷ್ಟ್ರಲ್ಲಿ ನಿಂದು ಮುಗಿದಿತ್ತು. ಅಷ್ಟೇ ಕಣೇ, ಇನ್ನೇನೂ ಕಾರಣ ಇಲ್ಲ. ಇದ್ದಿದ್ರೆ ಚೆನ್ನಾಗಿತ್ತು."

ದೊಡ್ಡವಳು ತಾಯಿಯ ಬಲಗೈಯನ್ನು ತೆಗೆದುಕೊಂಡು ಮೊಣಕೈಯ ಮಡಿಕೆಯನ್ನು ಬಿಡಿಸಿ ನೋಡಿದಳು. ಅಲ್ಲಿ ಸುಕ್ಕು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಬ್ಬೆರಳಿನಿಂದ ಅದನ್ನೇ ಸವರುತ್ತ ಕೂತಳು.

"ನಂಗೆ ಮೂರನೇ ಕೈ ಇರ್ಲಿಲ್ಲ," ಎಂದಳು ತಾಯಿ.

"ಇದ್ದಿದ್ರೂ ಐಸಣ್ಣ ಪಾಪ ಓಡಿಹೋಗ್ತಿದ್ದ," ಎಂದಳು ಮಗಳು. ಇಬ್ಬರೂ ನಕ್ಕರು. ಆಮೇಲೆ ತಾಯಿ ಅತ್ತಳು. ಜರಡಿ ಮೇಡಂ ಕಿಟಕಿಯ ಹೊರಗೆ ನೋಡುತ್ತ ತಣ್ಣಗಾದ ಟೀಯನ್ನು ಪೂರ್ತಿ ಕುಡಿದರು.

*

ಸ್ವಲ್ಪ ಹೊತ್ತಿನ ಮೇಲೆ ತಾಯಿ, ಪುಟ್ಟಿ ಈಗ ಮತ್ತೆ ರಕ್ತ ಕೊಟ್ಟರೆ ಗೊತ್ತಾಗುತ್ತದಲ್ಲವೇ ಎಂದು ಕೇಳಿದಳು. ಜರಡಿ ಮೇಡಂ ಆ ಆಸೆಗೂ ನೀರೆರೆಯಲಾರದೆ ಹೋದರು.

"ಆ ಅಕ್ಷರಾನೇ ನಂಬೋ ಹಾಗಿಲ್ಲ ಅಕ್ಕಾ. ಅದಕ್ಕೇ ವಾಪಸು ತೆಗೀತಿರೋದು. ಇದೆ ಅಂತ ಬಂದ್ರೂ ಇಲ್ಲ ಅಂತ ಬಂದ್ರೂ ಅದು ಬರೀ ಕಾಗದ. ಪುಟ್ಟಿನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಕಣ್ಣನ್ನೇ ನೋಡ್ಲಿ. ಅಲ್ಲೀವರೆಗೆ ಬಸ್ಸು ಬೇಡ."

ದೊಡ್ಡವಳು ಆಗಲೇ ಡಿಪೋಗೆ ಫೋನ್ ಮಾಡಿ, ತಂಗಿ ಪಾಳಿ ಮುಗಿಸಿ ಎರಡೂವರೆಗೆ ಹೊರಡುತ್ತಾಳೆಂದು ತಿಳಿದುಕೊಂಡಳು. ನಾಳೆ ಅವಳು ಕೆಲಸಕ್ಕೆ ಬರುವುದಿಲ್ಲ, ಮನೆಯಲ್ಲಿ ತುರ್ತು ಎಂದು ಹೇಳಿದಳು. ಅಮ್ಮನಿಗೆ ಹುಷಾರಿಲ್ಲವೇ ಎಂದು ಆ ಕಡೆಯವರು ಕೇಳಿರಬೇಕು. ಅಮ್ಮ ಇವತ್ತೇ ಸ್ವಲ್ಪ ಹುಷಾರಾಗಿದ್ದಾಳೆ ಎಂದಳು.

ಐಸಣ್ಣನ ಮೇಲೆ ಏನೂ ಬಾರದಂತೆ ನೋಡಿಕೊಳ್ಳಿ ಎಂದು ತಾಯಿ ಎರಡೆರಡು ಸಲ ಕೇಳಿಕೊಂಡಳು. ಪ್ರಕಟಣೆಯಲ್ಲಿ ಯಾರ ಹೆಸರೂ ಬರುವುದಿಲ್ಲ ಎಂದು ಜರಡಿ ಮೇಡಂ ಮಾತು ಕೊಟ್ಟರು. 'ಒಂದು ಮಾದರಿ ಬೇರೆಯವರದೆಂದು ತಿಳಿದುಬಂದಿದೆ' ಎಂದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಕಾರಣದ ಸಾಲು ಸಿಕ್ಕಂತಾಯಿತು. ತಪ್ಪು, ಮೋಸವಲ್ಲ.

ಬರೆದು ಮುಗಿಸಿದರೂ ಪೆನ್ನು ಮುಚ್ಚಲಿಲ್ಲ. ಜರಡಿಯಲ್ಲಿ ಇನ್ನೇನೋ ಉಳಿದಿತ್ತು.

ಈ ತಾಯಿ ಮಾಡಿದ್ದರಿಂದ ಪ್ರಬಂಧದಲ್ಲಿ ಒಂದು 'ಇಲ್ಲ' ಹೆಚ್ಚಾಗಿತ್ತು, ಅಷ್ಟೇ. ಪ್ರಬಂಧ ನಿಂತಿದ್ದದ್ದು 'ಇದೆ'ಗಳ ಮೇಲೆ. ಆರಕ್ಕೆ ಆರು. ಆ ಆರರಲ್ಲಿ ಐದು ಮಂದಿ ನಿಜವಾಗಿ ಕಣ್ಣು ಕಳೆದುಕೊಂಡರು. ಆರನೆಯವಳು ಇಲ್ಲೇ ನೆಲದ ಮೇಲೆ ಕೂತು, ನೆರಳಿನಲ್ಲಿ ತಾಯಿಯ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದಳು.

ಆಗ ಅವರ ಮೊಬೈಲು ಸದ್ದು ಮಾಡಿತು. ಹೊರಗಿನ ಪ್ರಯೋಗಾಲಯದ ಹೆಣ್ಣುಮಗಳು. ಉಳಿದ ಟ್ಯೂಬುಗಳ ಪರೀಕ್ಷೆಯೂ ಮುಗಿಯಿತಂತೆ, ಅದರಲ್ಲಿ ಇನ್ನೊಂದು ಜೋಡಿ ಇದೆಯಂತೆ.

"ಯಾವ್ಯಾವ್ದು?" ಎಂದರು ಜರಡಿ ಮೇಡಂ. ಕೇಳಿಸಿಕೊಂಡು, ತಾವು ಕೇಳಿದ್ದು ಸರಿಯೇ ಎಂದು ನಿಧಾನವಾಗಿ ಮತ್ತೆ ಹೇಳಿದರು. "ಮೂರು ಮತ್ತು ನಾಲ್ಕು. ಪೂರ್ತಿ ಒಂದೇ."

ಎದ್ದು ಪರದೆಯ ಆಚೆ ಹೋಗಬೇಕೆಂದುಕೊಂಡರು. ದೊಡ್ಡವಳು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು.

"ಇಲ್ಲೇ ಹೇಳಿ ಮೇಡಂ. ನಾಲ್ಕು ನಾನು. ಮೂರು ಅಪ್ಪ."

ಜರಡಿ ಮೇಡಂ ಹೇಳಿದರು. ನಾಲ್ಕನೇ ಟ್ಯೂಬಿನಲ್ಲಿ ಇರುವುದು ಅವಳ ರಕ್ತವಲ್ಲ, ಅವಳ ತಂದೆಯದು.

ತಾಯಿ ಆಗಲಾರದು ಎಂದಳು. ಗಂಡ ಒಂದೇ ಸಲ ಕೊಟ್ಟದ್ದು, ಬೆಂಚಿನಿಂದ ತಡಿಕೆಯವರೆಗೆ ಕೈ ಹಿಡಿದು ಕರೆದೊಯ್ದು ವಾಪಸು ಕರೆತಂದದ್ದು ತಾನೇ ಎಂದಳು. ತಾನು ಮಾಡಿದ್ದನ್ನು ಒಪ್ಪಿಕೊಂಡ ಮೇಲೆ ಇದನ್ನು ಮುಚ್ಚಿಡಲು ಆಕೆಗೆ ಕಾರಣವೇ ಇರಲಿಲ್ಲ.

"ನಾನು ಕೊಟ್ಟಿದೀನಿ," ಎಂದಳು ದೊಡ್ಡವಳು. ರವಿಕೆಯ ಎಡತೋಳನ್ನು ತನಗೇ ತಿಳಿಯದಂತೆ ಮೇಲಕ್ಕೆ ಸರಿಸಿದ್ದಳು. "ಟ್ಯೂಬು ತುಂಬೋದನ್ನ ನೋಡ್ತಾ ಕೂತಿದ್ದೆ. ಐಸಣ್ಣ ಬೇರೆ ಕಡೆ ನೋಡು ಅಂದ, ನಾನು ತಿರುಗ್ಲಿಲ್ಲ. ಅದು ನನ್ನ ರಕ್ತಾನೇ."

ಐಸಣ್ಣನ ಪುಸ್ತಕವೂ ಹಾಗೇ ಹೇಳುತ್ತಿತ್ತು. ನಾಲ್ಕು, ಎಡಗೈ, ಅವಳದೇ ಸಹಿ. ಆ ಪುಸ್ತಕ ಕೈಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಹಾಗಾದರೆ ಅವಳ ರಕ್ತ ಫ್ರೀಜರಿನವರೆಗೆ ಹೋಗಿತ್ತು. ಬದಲಾದದ್ದು ಆಮೇಲೆ. ಜರಡಿ ಮೇಡಂಗೆ ಅದರ ಕಾರಣ ತಡವಿಲ್ಲದೆ ಕಂಡಿತು. ಕಣ್ಣಿನ ಡಾಕ್ಟರು ಇವಳನ್ನು ರೋಗಿಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಇವಳ ರಕ್ತದಲ್ಲಿ ಆ ಅಕ್ಷರ ಸಿಗದಿದ್ದರೆ ಆರಕ್ಕೆ ಐದು. ಪ್ರಬಂಧ ಕುಂಟುತ್ತಿತ್ತು. ಯಾರೋ ಮೂರನೇ ಟ್ಯೂಬಿನಿಂದ ಒಂದಿಷ್ಟು ರಕ್ತ ತೆಗೆದು, ಹೊಸ ಟ್ಯೂಬಿಗೆ ಹಾಕಿ, ನಾಲ್ಕು ಎಂದು ಬರೆದು, ಆರಕ್ಕೆ ಆರು ಮಾಡಿದ್ದರು.

ಅದನ್ನು ಹೇಗೆ ಹೇಳುವುದೆಂದು ಅವರು ಯೋಚಿಸುತ್ತಿದ್ದಂತೆ ದೊಡ್ಡವಳೇ ಅಲ್ಲಿಗೆ ಬಂದು ತಲುಪಿದ್ದಳು.

"ಅಂದ್ರೆ ನನಗೆ ಇದೆ ಅಂತ ಯಾರೂ ಯಾವತ್ತೂ..." ತಾಯಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಲವತ್ತು ವರ್ಷದ ಹೆಂಗಸು ಪುಟ್ಟ ಮಗುವಿನಂತೆ ಅಲ್ಲಿ ಮುಖವಿಟ್ಟಳು. ಗೋಡೆಯಾಚೆ ಅರ ಉಜ್ಜುವ ಸದ್ದು ನಿಂತು, ಮತ್ತೆ ಶುರುವಾಯಿತು.

ಫೋನಿನಲ್ಲಿದ್ದ ಹೆಣ್ಣುಮಗಳು ಇನ್ನೊಂದು ವಿಷಯ ಎಂದಳು. ಹತ್ತು ಟ್ಯೂಬುಗಳ ಲೇಬಲ್ಲು ಒಂದೇ ಕೈಯ ಬರಹ, ಗುಂಡಗೆ, ಮಕ್ಕಳ ಅಕ್ಷರದ ಹಾಗೆ. ನಾಲ್ಕರದ್ದು ಮಾತ್ರ ಬೇರೆ. ಫೋಟೋ ಕಳಿಸಿದ್ದೇನೆ, ನೋಡಿ.

ಜರಡಿ ಮೇಡಂ ಫೋಟೋ ತೆರೆದರು. ತೆಳ್ಳಗಿನ, ಬಲಕ್ಕೆ ವಾಲಿದ ಅಕ್ಷರ. ಸಾಲಿನ ಕೊನೆಯಲ್ಲಿ ಚುಕ್ಕೆಯ ಬದಲು ಒಂದು ಸಣ್ಣ ಗೀಟು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು. ಅಕ್ಷರ ಬದಲಾಗಲಿಲ್ಲ. ಡೈರೆಕ್ಟರನ ಬರಹ ಅವರು ಕಂಡಿದ್ದರು, ಕೋಳಿ ಕೆದಕಿದ ಹಾಗಿರುತ್ತಿತ್ತು. ಇದು ಅದಲ್ಲ.

ತಾಯಿಯ ಮಡಿಲಿನಿಂದಲೇ ದೊಡ್ಡವಳು ಅವರ ಮುಖವನ್ನು ನೋಡುತ್ತಿದ್ದಳು. ಅವಳ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಯಾರ ಅಕ್ಷರ ಮೇಡಂ?"

ನಲವತ್ತು ವರ್ಷದ ಕೆಲಸದಲ್ಲಿ ಜರಡಿ ಮೇಡಂ ಯಾರಿಗೂ ಸುಳ್ಳು ಹೇಳಿರಲಿಲ್ಲ. ಈ ಮನೆಯಲ್ಲಿ, ಈ ಹೊತ್ತಿನಲ್ಲಿ, ಮೊದಲ ಬಾರಿಗೆ ಒಂದು ಹೇಳಬೇಕೆನ್ನಿಸಿತು.

"ಪ್ರಬಂಧ ವಾಪಸು ತೆಗೀರಿ ಅಂತ ಕಾಗದ ಬರೆದ್ರಲ್ಲ," ಎಂದರು. "ಅವರದು."